ಸರ್ಜನ್ ತಾತನ ಚಾಕು

ಆಸ್ಪತ್ರೆಯಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಆಕೆ ಇಕ್ಕಳಕ್ಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಹೊಟ್ಟೆಯ ಆಪರೇಷನ್ ಮುಗಿದು ಡಾಕ್ಟರು ಹೊಲಿಗೆಗೆ ಸೂಜಿ ಕೇಳಿದ್ದರು. ಟ್ರೇಯಲ್ಲಿದ್ದ ಸಾಮಾನು ಎಣಿಸಿದ ಈಕೆ, "ಹೊಲೀಬೇಡಿ ಸಾರ್, ಒಂದು ಇಕ್ಕಳ ಕಮ್ಮಿ ಇದೆ" ಎಂದುಬಿಟ್ಟಳು. ಡಾಕ್ಟರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. "ಸರಿಯಾಗಿ ಎಣಿಸು" ಎಂದು ಗದರಿದರು. ಮತ್ತೆ ಎಣಿಸಿ, "ಕಮ್ಮಿನೇ ಇದೆ. ಒಳಗೇ ಉಳಿದಿದೆ" ಎಂದಳು. ಉಳಿದಿತ್ತು. ಅಂದಿನಿಂದ ಆಕೆ ಇಕ್ಕಳಕ್ಕ, ಮತ್ತು ಅಂದಿನಿಂದ ಆಕೆ ತಲೆಯಾಡಿಸದೆ ಆ ಆಸ್ಪತ್ರೆಯಲ್ಲಿ ಯಾರ ಹೊಟ್ಟೆಯನ್ನೂ ಮುಚ್ಚುತ್ತಿರಲಿಲ್ಲ.

ಆಪರೇಷನ್ ಥಿಯೇಟರಿನ ಪಕ್ಕದ ಉದ್ದನೆಯ ಕೋಣೆ ಆಕೆಯ ರಾಜ್ಯ. ರಕ್ತ ಮೆತ್ತಿದ ಉಪಕರಣಗಳು ಒಂದು ಕಿಂಡಿಯಿಂದ ಒಳಗೆ ಬರುತ್ತಿದ್ದವು. ತೊಳೆದು, ಬೇಯಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಇನ್ನೊಂದು ಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ಕತ್ತರಿಯ ಕೀಲಿನ ಸಂದಿಯಲ್ಲಿ ಕೂದಲೆಳೆಯಷ್ಟು ಕೊಳೆ ಉಳಿದಿದ್ದರೂ ಆಕೆಯ ಬೆರಳಿಗೆ ತಿಳಿಯುತ್ತಿತ್ತು. ಹರಿತ ನೋಡಲು ಒದ್ದೆ ಬಟ್ಟೆಯ ಎಳೆಯೊಂದನ್ನು ಕತ್ತರಿಸಿ ನೋಡುತ್ತಿದ್ದಳು. ಎಳೆ ಜಗ್ಗಿದರೆ ಕತ್ತರಿ ಸಾಣೆಗೆ ಹೋಗಬೇಕು. ಯಾವ ಡಾಕ್ಟರಿಗೆ ಯಾವ ಹಿಡಿ ಇಷ್ಟ, ಯಾರ ಕೈ ಸಣ್ಣದು, ಯಾರಿಗೆ ಎಡಗೈ ವಾಟ, ಎಲ್ಲವೂ ಬಾಯಿಪಾಠ. ಒಟ್ಟಿನಲ್ಲಿ ಕೆಲಸದಲ್ಲಿ ಆಕೆಯನ್ನು ಬೆರಳು ಮಾಡಿ ತೋರಿಸುವವರಿರಲಿಲ್ಲ. ಇದು ಆಕೆಗೂ ಗೊತ್ತಿತ್ತು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಆ ಹೆಮ್ಮೆಗೆ ಬೇರು ಇದ್ದದ್ದು ಒಂದು ಚಾಕುವಿನಲ್ಲಿ. ಆಕೆಯ ತಾತ, ಅಂದರೆ ತಂದೆಯ ತಂದೆ, ಹಿಂದಿನ ಕಾಲದ ದೊಡ್ಡ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದರಂತೆ. ಅವರು ಉಳಿಸಿಹೋದದ್ದು ಒಂದೇ ವಸ್ತು, ಅವರ ಕೈಯಲ್ಲಾಡಿದ ಚಾಕು. ಗೇಣಿಗಿಂತ ಕಡಿಮೆ ಉದ್ದ, ಹಳದಿಗಟ್ಟಿದ ಮೂಳೆಯ ಹಿಡಿ, ಎಲೆಯ ಆಕಾರದ ಗಿಡ್ಡ ಅಲಗು. ತಂದೆ ಅದನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದರು. ಮನೆಗೆ ಬಂದ ಮುಖ್ಯ ಜನರಿಗೆ ಮಾತ್ರ ತೆರೆದು ತೋರಿಸುತ್ತಿದ್ದರು. "ನಮ್ಮಪ್ಪ ಇದರಲ್ಲಿ ಎಷ್ಟು ಜೀವ ಉಳಿಸಿದ್ದಾರೋ" ಎನ್ನುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಮಗಳು ಆಸ್ಪತ್ರೆಯ ಕೆಲಸಕ್ಕೆ ಸೇರಿದ ದಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ಇನ್ನು ಇದು ನಿಂದು" ಎಂದರು.

ಡಬ್ಬಿಯನ್ನು ಆಕೆ ಬೀರುವಿನಲ್ಲಿಟ್ಟಳು, ಕಥೆಯನ್ನು ನಾಲಿಗೆಯ ಮೇಲೆ. ತರಬೇತಿಗೆ ಬಂದ ಪ್ರತಿಯೊಂದು ತಂಡವೂ ಸರ್ಜನ್ ತಾತನ ಕಥೆ ಕೇಳಿಯೇ ಮುಂದಕ್ಕೆ ಹೋಗಬೇಕಿತ್ತು. ಕೆಲವೊಮ್ಮೆ ಚಾಕುವನ್ನೇ ತಂದು ತೋರಿಸುತ್ತಿದ್ದಳು. "ಹಿಡಿಯ ತುದಿ ನೋಡಿ, ಹೇಗೆ ಓರೆಯಾಗಿ ಸವೆದಿದೆ. ಮಾಂಸದ ಪದರ ಬಿಡಿಸೋಕೆ ಆಗ ಇದನ್ನೇ ಬಳಸ್ತಿದ್ರು" ಎಂದು ವಿವರಿಸುತ್ತಿದ್ದಳು. ಹಳೆಯ ಸರ್ಜರಿ ಚಾಕುಗಳ ಹಿಡಿಯ ತುದಿ ಹಾಗೆ ಬಳಕೆಯಾಗುತ್ತಿದ್ದದ್ದು ನಿಜವೇ. ಆದ್ದರಿಂದ ಯಾರೂ ಮರುಮಾತಾಡಿರಲಿಲ್ಲ.

ಒಮ್ಮೆ ತರಬೇತಿಗೆ ಒಬ್ಬ ಗುಮಾಸ್ತರ ಮಗಳು ಬಂದಿದ್ದಳು. ತಂದೆ ಯಾವುದೋ ಕಚೇರಿಯಲ್ಲಿ ಕಾಗದ ನಕಲು ಮಾಡುವವರು. ಹುಡುಗಿ ಮೆದು ಮಾತಿನವಳು, ಕೆಲಸದಲ್ಲಿ ನಿಧಾನಸ್ಥೆ. ಒಂದು ದಿನ ಗಡಿಬಿಡಿಯಲ್ಲಿ, ಬೇಯಿಸಿದ ಟ್ರೇಯ ಮೇಲೆ ಬೇಯಿಸದ ಕತ್ತರಿಯೊಂದನ್ನು ಇಟ್ಟುಬಿಟ್ಟಳು. ತಪ್ಪು ಸಣ್ಣದಲ್ಲ. ಇಕ್ಕಳಕ್ಕ ಆ ಕ್ಷಣವೇ ನೋಡಿ ಟ್ರೇ ತಡೆದಳು, ಯಾರಿಗೂ ಏನೂ ಆಗಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲಿಲ್ಲ. ನರ್ಸುಗಳು, ಡಾಕ್ಟರು, ಜೊತೆಯ ಹುಡುಗಿಯರು ಎಲ್ಲರೂ ನಿಂತಿದ್ದಾಗಲೇ ಹೇಳಿದಳು:

"ಕಾಗದ ಗೀಚೋರ ಮನೆಯಿಂದ ಬಂದ ಕೈ ಇದು, ಇನ್ನೇನು ಮಾಡೀತು? ಈ ಕೆಲಸ ರಕ್ತದಲ್ಲೇ ಬರಬೇಕಮ್ಮ. ನಮ್ಮ ತಾತ ಸರ್ಜನ್. ನಿನ್ನ ಕೈಗೆ ಪೆನ್ನೇ ಸರಿ, ಹೋಗು."

ಹುಡುಗಿ ಅಳಲಿಲ್ಲ. ಕೈಗವಸು ಕಳಚಿ, ಮಡಿಸಿ, ಬುಟ್ಟಿಯಲ್ಲಿ ಹಾಕಿ ಹೊರಟುಹೋದಳು. ಸ್ವಲ್ಪ ದಿನಕ್ಕೆ ಅದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ರೋಗಿಗಳ ಫೈಲುಗಳ ನಡುವೆ, ಕೆಲಸ ಕೇಳಿ ಸೇರಿಕೊಂಡಳು. ಅಲ್ಲೇ ಅವಳ ಕೂದಲೂ ನರೆಯಿತು. ಇಕ್ಕಳಕ್ಕ ಮತ್ತು ಆಕೆ ವರ್ಷಗಟ್ಟಲೆ ಒಂದೇ ಕಾರಿಡಾರಿನಲ್ಲಿ ಎದುರುಬದುರಾದರು. "ಊಟ ಆಯ್ತಾ?" "ಆಯ್ತು." ಅದಕ್ಕಿಂತ ಹೆಚ್ಚು ಮಾತಿಲ್ಲ. ಅದರಲ್ಲಿ ವಿಶೇಷವೇನೂ ಇದೆಯೆಂದು ಇಕ್ಕಳಕ್ಕನಿಗೆ ಅನ್ನಿಸಿರಲೂ ಇಲ್ಲ.

ನಿವೃತ್ತಿ ಹತ್ತಿರ ಬಂದಾಗ ದೊಡ್ಡ ಡಾಕ್ಟರಿಗೆ ಒಂದು ಯೋಚನೆ ಹೊಳೆಯಿತು. ಥಿಯೇಟರಿನ ಕಾರಿಡಾರಿನಲ್ಲಿ ಗಾಜಿನ ಕಪಾಟೊಂದನ್ನು ಮಾಡಿಸಿ, ಹಳೆಯ ಉಪಕರಣಗಳನ್ನು ಜೋಡಿಸಿ, ಇಕ್ಕಳಕ್ಕನ ಬೀಳ್ಕೊಡುಗೆಯ ದಿನವೇ ತೆರೆಯುವುದು. ಅದನ್ನು ಕೇಳಿದ್ದೇ ತಡ, ಆಕೆ ಸಭೆಯಲ್ಲಿ ಎದ್ದು ನಿಂತು, "ನಮ್ಮ ತಾತನ ಚಾಕು ಕೊಡ್ತೀನಿ ಸಾರ್" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಂಜೆ ಮನೆಗೆ ನಡೆದುಹೋಗುವಾಗ ಕಾಲು ನೆಲಕ್ಕೆ ತಾಗಿದ ನೆನಪೇ ಆಕೆಗಿರಲಿಲ್ಲ.

ಆದರೆ ಚಾಕು ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಲಗಿನ ತುಂಬ ತುಕ್ಕು. ಹಿಡಿಗೆ ಕೂದಲೆಳೆಯಂಥ ಬಿರುಕು. ಹಿಡಿ ಮತ್ತು ಅಲಗು ಸೇರುವಲ್ಲಿನ ಹಿತ್ತಾಳೆಯ ಬಳೆ ಸಡಿಲವಾಗಿ ತಿರುಗುತ್ತಿತ್ತು. ಆಕೆಯ ಗಂಡ ಬೀಗ ರಿಪೇರಿ ಅಂಗಡಿಯವನು. ತುಕ್ಕಿನ ಜೊತೆ ಬಾಳುವೆ ಮಾಡಿದವನು, ಮಾತಿನಲ್ಲಿ ಹಾಸ್ಯಗಾರ. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಇಬ್ಬರೂ ಕೂತರು.

"ಉಪ್ಪುಕಾಗದ ತಗೊಂಡು ಉಜ್ಜಿಬಿಡ್ಲಾ?" ಎಂದು ಆಕೆ ಕೇಳಿದಳು.

"ಅಯ್ಯೋ, ಬೇಡ ಕಣೇ. ಹಳೇ ಕಬ್ಬಿಣದ ಮುಖ ತೊಳೀಬೇಕು, ಚರ್ಮ ಸುಲೀಬಾರದು. ಮೊದಲು ಎಣ್ಣೆ ಕುಡೀಲಿ."

ಅಲಗಿಗೆ ಸೀಮೆಎಣ್ಣೆ ಸವರಿ ಬಟ್ಟೆ ಸುತ್ತಿ ಇಟ್ಟರು. ಮೂಳೆಯ ಹಿಡಿಗೆ ನೀರು ತಾಗಿಸಬೇಡ, ಉಬ್ಬಿ ಸೀಳುತ್ತೆ ಎಂದು ಗಂಡ ಎಚ್ಚರಿಸಿದ. ಅದನ್ನು ಒಣಬಟ್ಟೆಯಲ್ಲಿ ಒರೆಸಿ ಒಂದು ಹನಿ ಎಣ್ಣೆ ತಿಕ್ಕಿದಾಗ ಹಳದಿ ಬಣ್ಣ ಜೇನಿನಂತೆ ಹೊಳೆಯಿತು. ಬಳೆಯ ಅಡಿಯಲ್ಲಿದ್ದ ಸಣ್ಣ ಮೊಳೆಯನ್ನು ಅವನೇ ಗಟ್ಟಿ ಮಾಡಿದ. ಮರುದಿನ ತಾಮ್ರದ ಚೂರೊಂದರಿಂದ ತುಕ್ಕನ್ನು ಮೆಲ್ಲಗೆ ಎಬ್ಬಿಸಿದರು. ತಾಮ್ರ ಮೆದು, ಉಕ್ಕಿಗೆ ಗೀರು ಬೀಳುವುದಿಲ್ಲ. ಕಂದು ಪುಡಿ ಪೇಪರಿನ ಮೇಲೆ ಉದುರಿತು. ಅದರ ಕೆಳಗಿಂದ ಮಂಕು ಬೂದಿಬಣ್ಣದ ಉಕ್ಕು ಹೊರಬಂತು, ಹಿಡಿಯ ಹತ್ತಿರ ಒಂದು ಸಣ್ಣ ಗುರುತು ಕಂಡಿತು.

ಗಂಡ ಬೀಗದ ಕೆಲಸಕ್ಕೆ ಬಳಸುವ ಭೂತಗನ್ನಡಿಯನ್ನು ಕಣ್ಣಿಗಿಟ್ಟು ನೋಡಿದ. "ಏನೇ ಇದು? ಪೆನ್ನಿನ ನಿಬ್ಬು ಇದ್ದ ಹಾಗಿದೆ. ಸರ್ಜನ್ ಚಾಕು ಮೇಲೆ ನಿಬ್ಬು ಯಾಕೆ?"

"ಕಂಪನಿ ಗುರುತು ಇರಬೇಕು ರೀ. ಆನೆ ಗುರುತಿನ ಬೀಗದ ಒಳಗೆ ಆನೆ ಇರುತ್ತಾ?" ಎಂದು ಆಕೆ ಚುರುಕಾಗಿ ಉತ್ತರಿಸಿದಳು.

ಗಂಡ ನಕ್ಕ. ಆಕೆ ನಗಲಿಲ್ಲ. ಸರ್ಜರಿ ಸಾಮಾನು ಮಾಡುವವರ ಹಳೆಯ ಗುರುತುಗಳು ಆಕೆಗೆ ಗೊತ್ತಿದ್ದವು. ಇದು ಅವುಗಳಲ್ಲಿ ಒಂದೂ ಅಲ್ಲ. ಆ ವಿಚಾರವನ್ನು ಪಕ್ಕಕ್ಕೆ ತಳ್ಳಿ ಸಾಣೆಕಲ್ಲು ಎತ್ತಿಕೊಂಡಳು.

ಹರಿತ ಮಾಡುವುದು ಆಕೆಯ ಸ್ವಂತ ವಿದ್ಯೆ, ಗಂಡನಿಗೂ ಬಿಟ್ಟುಕೊಡಲಿಲ್ಲ. ಅಲಗಿನ ಒಂದು ಬದಿ ಕಲ್ಲಿಗೆ ತಾಗಿಸಿ ತೀಡಿದಳು. ಇನ್ನೊಂದು ಅಂಚು ಬರೀ ತುಕ್ಕು ಹಿಡಿದ ಬೆನ್ನು ಎಂದುಕೊಂಡಿದ್ದಳು. ತೀಡುತ್ತ ಹೋದಂತೆ ಅದೂ ಹರಿತದ ಅಂಚೇ ಎಂದು ಬೆರಳಿಗೆ ತಿಳಿಯಿತು. ಕೈ ರೂಢಿಯ ಮೇಲೆ ಅದನ್ನೂ ತೀಡಿತು, ಮನಸ್ಸು ಮಾತ್ರ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಕೊನೆಗೆ ಒರೆಸಿ, ಎಷ್ಟೋ ಕಾಲದಿಂದ ಮಾಡಬೇಕೆಂದುಕೊಂಡಿದ್ದನ್ನು ಮಾಡಿದಳು. ತಾತ ಹಿಡಿದಿರಬಹುದಾದಂತೆ, ಸರ್ಜನ್‌ಗಳು ಹಿಡಿಯುವಂತೆ, ತೋರುಬೆರಳನ್ನು ಅಲಗಿನ ಬೆನ್ನ ಮೇಲಿಟ್ಟು ಸ್ವಲ್ಪ ಒತ್ತಿದಳು.

ಬೆರಳು ಕೊಯ್ದಿತು.

ಗಾಯ ಸಣ್ಣದು. ಗಂಡ ಬಟ್ಟೆ ತರಲು ಎದ್ದ. ಆಕೆ ಮಾತ್ರ ರಕ್ತ ಹನಿಯುವ ಬೆರಳನ್ನು ನೋಡುತ್ತ ಹಾಗೇ ಕೂತಳು. ಈ ಚಾಕುವಿಗೆ ಬೆನ್ನೇ ಇರಲಿಲ್ಲ. ಬೆನ್ನಿಲ್ಲದ ಮೇಲೆ ಸರ್ಜನ್ ಬೆರಳು ಎಲ್ಲಿಡಬೇಕು? ಕುರು ಕೊಯ್ಯಲು ಎರಡಂಚಿನ ಸಣ್ಣ ಚಾಕುಗಳು ಇರುತ್ತಿದ್ದವಲ್ಲ, ಅದಿರಬಹುದೇ ಎಂದು ಮನಸ್ಸು ಒಂದು ಹಗ್ಗ ಎಸೆಯಿತು. ಆದರೆ ಅವು ತೆಳ್ಳಗೆ, ಮೊನಚು. ಇದು ಗಿಡ್ಡ, ದಪ್ಪ, ಉಬ್ಬು ಹೊಟ್ಟೆಯದು. ಚುಚ್ಚಲು ಬಾರದು, ಸೀಳಲು ಬಾರದು. ಏನನ್ನೋ ಮೇಲುಮೇಲೆ ಕೆರೆಯಲಷ್ಟೇ ಬಂದೀತು.

ಜೀವಮಾನವೆಲ್ಲ ಉಪಕರಣಗಳನ್ನು ಬೆರಳಲ್ಲೇ ಓದಿದವಳು ಇದೊಂದನ್ನು ಮಾತ್ರ ಯಾಕೆ ಓದಿರಲಿಲ್ಲ? ದೀಪದ ಕೆಳಗೆ ಕತ್ತಲೆ ಎನ್ನುತ್ತಾರೆ. ಆಕೆಗೆ ಹಾಗೆ ಹೇಳಿಕೊಂಡು ತಪ್ಪಿಸಿಕೊಳ್ಳಲೂ ಆಗಲಿಲ್ಲ. ಕತ್ತಲೆ ತಾನಾಗಿ ಇರಲಿಲ್ಲ; ದೀಪವನ್ನು ಆಕೆ ಆ ಕಡೆ ತಿರುಗಿಸಿರಲೇ ಇಲ್ಲ.

ಮರುದಿನ ಚಿಕ್ಕಪ್ಪನ ಮನೆಗೆ ಹೋದಳು. ತಂದೆಯ ತಮ್ಮ, ಆ ಪೀಳಿಗೆಯಲ್ಲಿ ಉಳಿದವರು ಅವರೊಬ್ಬರೇ. ಮಗಳ ಮನೆಯ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ರಸ್ತೆ ನೋಡುವುದು ಅವರ ದಿನಚರಿ. ಕಿವಿಗೆ ಯಂತ್ರ, ಮಗಳು ಬೈಯಲು ಶುರುಮಾಡಿದರೆ ಅದನ್ನು ಆರಿಸಿಬಿಡುತ್ತಿದ್ದರು. ಚಾಕುವನ್ನು ಕೈಗೆ ಕೊಟ್ಟಾಗ ಅವರ ಮುಖ ಅರಳಿತು.

"ಅರೆ! ಅಪ್ಪನ ಕೆರೆಚಾಕು! ಎಷ್ಟು ಚೆನ್ನಾಗಿ ಮಾಡಿದ್ದೀಯೇ!"

"ಏನು ಚಾಕು ಚಿಕ್ಕಪ್ಪ?"

"ಮಸಿ ಕೆರೆಯೋ ಚಾಕು. ಬರೆಯೋವಾಗ ತಪ್ಪಾದ್ರೆ ಅಕ್ಷರ ಮಾತ್ರ ಕೆರೆದು ತೆಗೀತಿದ್ರು, ಕಾಗದಕ್ಕೆ ಗೊತ್ತೇ ಆಗದ ಹಾಗೆ. ಆಮೇಲೆ ಈ ಮೂಳೆ ತುದಿಯಿಂದ ತಿಕ್ಕಿ ನುಣುಪು ಮಾಡೋದು. ಇಲ್ಲದಿದ್ರೆ ಮೇಲೆ ಬರೆದ ಮಸಿ ಹರಡುತ್ತೆ. ನೋಡು, ತಿಕ್ಕಿ ತಿಕ್ಕಿ ಹೇಗೆ ಓರೆಯಾಗಿದೆ."

"ತಾತ ಸರ್ಜನ್ ಅಲ್ವಾ?"

ಚಿಕ್ಕಪ್ಪ ಅವಳ ಮುಖ ನೋಡಿದರು. ಅವರ ಕೈ ಕಿವಿಯ ಯಂತ್ರದ ಕಡೆ ಹೋಯಿತು, ಆದರೆ ಆರಿಸಲಿಲ್ಲ.

"ಆಸ್ಪತ್ರೆಯಲ್ಲಿದ್ರು, ಅದು ನಿಜ. ಡಾಕ್ಟರು ಗೀಚಿದ ರೋಗಿಗಳ ವಿವರಾನ ಚಂದದ ಅಕ್ಷರದಲ್ಲಿ ನಕಲು ಮಾಡೋ ಗುಮಾಸ್ತರು. ಕಾಗದ ತೂತಾಗದ ಹಾಗೆ ಕೆರೀತಾರೆ ಅಂತ ಡಾಕ್ಟರುಗಳೇ ತಮಾಷೆಗೆ 'ನಮ್ಮ ಸರ್ಜನ್ನ ಕರೀರಿ' ಅಂತಿದ್ರು. ಮನೇಲೂ ಅದೇ ಹೇಳಿ ನಗ್ತಿದ್ವಿ."

"ಅಪ್ಪನಿಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ಲದೆ ಏನು? ನಿಮ್ಮಮ್ಮನ ಮನೆಗೆ ಹೆಣ್ಣು ನೋಡೋಕೆ ಹೋಗಿದ್ವಿ. ಅವರು ಸ್ವಲ್ಪ ಜಂಬದ ಜನ. 'ನಿಮ್ಮ ತಂದೆ ಏನಾಗಿದ್ರು?' ಅಂತ ಯಾರೋ ಅಣ್ಣನ್ನ ಕೇಳಿದ್ರು. ಅಣ್ಣ 'ಸರ್ಜನ್' ಅಂದುಬಿಟ್ಟ. ತಮಾಷೆ ಅಂದುಕೊಂಡು ನಾನು ನಕ್ಕೆ. ಅವನು ನಗಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಮೇಲೆ ವಾಪಸ್ ತಗೊಳ್ಳೋಕೆ ಅವನಿಗೂ ಆಗಲಿಲ್ಲ, ನಿಜ ಹೇಳೋಕೆ ನನಗೂ ಆಗಲಿಲ್ಲ."

"ನನಗಾದ್ರೂ ಹೇಳಬಹುದಿತ್ತಲ್ಲ ಚಿಕ್ಕಪ್ಪ."

"ನೀನು ಅದನ್ನೇ ನಂಬಿ ಓದಿದೆ, ಕೆಲಸಕ್ಕೆ ಸೇರಿದೆ. ಮನೆ ಕಟ್ಟಿ ಆದಮೇಲೆ ಅಡಿಪಾಯ ಅಗೆದು ತೋರಿಸ್ತಾರೇನೇ?" ಎಂದು, ಚಾಕುವಿನ ಹಿಡಿ ಸವರುತ್ತ, "ಅಪ್ಪನ ಅಕ್ಷರ ಮಾತ್ರ ಮುತ್ತು ಕಣೇ. ಅದರಲ್ಲಿ ನಾಚಿಕೆ ಪಡೋಂಥದ್ದು ಏನಿತ್ತು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ" ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಆಕೆಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೈಗವಸು ಮಡಿಸಿ ಬುಟ್ಟಿಗೆ ಹಾಕಿದ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಕಾಗದ ಗೀಚೋರ ಮನೆಯ ಕೈ. ತಾನೇ ಆಡಿದ ಮಾತು, ತನ್ನದೇ ದನಿಯಲ್ಲಿ, ಒಂದಕ್ಷರ ಬಿಡದೆ ಕೇಳಿಸಿತು. ಅಷ್ಟು ಜನ ತುಂಬಿದ ಬಸ್ಸಿನಲ್ಲಿ ಆಕೆಯ ಕಿವಿ ಬಿಸಿಯಾಯಿತು. ಯಾರೂ ತನ್ನ ಕಡೆ ನೋಡುತ್ತಿಲ್ಲವೆಂದು ಗೊತ್ತಿದ್ದೂ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿಕೊಂಡಳು.

ಗಂಡನಿಗೆ ಹೇಳಿದಳು. ಅವನು ಮೊದಲು ಜೋರಾಗಿ ನಕ್ಕ. "ನಮ್ಮ ತಾತ ಪೊಲೀಸ್ ಅಂತ ನಮ್ಮಪ್ಪ ಹೇಳ್ತಿದ್ರು, ಸ್ಟೇಷನ್ನಿನ ಬೀಗ ಮಾಡಿಕೊಟ್ಟಿದ್ರಷ್ಟೇ" ಎಂದ. ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. "ಸಮಾರಂಭದಲ್ಲೇ ಹೇಳಿಬಿಡು. ನಗ್ತಾರೆ, ಮುಗೀತು."

ಹೇಳಿಬಿಡುವುದೆಂದು ಆಕೆಯೂ ತೀರ್ಮಾನಿಸಿದ್ದಳು.

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಹೊರಗೆ ಕಾರಿಡಾರಿನಲ್ಲಿ ಹೊಸ ಕಪಾಟು, ಒಳಗೆ ಮಖಮಲ್ಲಿನ ಮೇಲೆ ಚಾಕು, ಅದರ ಕೆಳಗೆ ಅಚ್ಚು ಹಾಕಿಸಿದ ಚೀಟಿ: ಹಿಂದಿನ ತಲೆಮಾರಿನ ಸರ್ಜನ್ ಒಬ್ಬರು ಬಳಸಿದ ಶಸ್ತ್ರಚಿಕಿತ್ಸೆಯ ಚಾಕು. ದೊಡ್ಡ ಡಾಕ್ಟರು ಮನಸಾರೆ ಹೊಗಳಿದರು. ಕೊನೆಗೆ, "ಇವರೇ ಯಾವಾಗಲೂ ಹೇಳ್ತಾರಲ್ಲ, ಈ ಕೆಲಸ ರಕ್ತದಲ್ಲೇ ಬರಬೇಕು ಅಂತ. ಇವರ ರಕ್ತದಲ್ಲಿ ಅದಿತ್ತು" ಎಂದರು. ಚಪ್ಪಾಳೆ ಬಿತ್ತು. ವೇದಿಕೆಯ ಮೇಲಿದ್ದ ಇಕ್ಕಳಕ್ಕನ ಕಣ್ಣು ತಾನಾಗಿಯೇ ಹಿಂದಿನ ಸಾಲಿಗೆ ಹೋಯಿತು. ದಾಖಲೆ ಕೋಣೆಯಾಕೆ ಗೋಡೆಯ ಪಕ್ಕ ಕೂತಿದ್ದಳು. ಎಲ್ಲರಂತೆ ಅವಳೂ ಚಪ್ಪಾಳೆ ತಟ್ಟುತ್ತಿದ್ದಳು, ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ.

"ಅಕ್ಕ, ಎರಡು ಮಾತು" ಎಂದು ದೊಡ್ಡ ಡಾಕ್ಟರು ಕರೆದರು.

ಆಕೆ ಮೈಕಿನ ಮುಂದೆ ನಿಂತಳು. "ನಮ್ಮ ತಾತ..." ಎಂದಳು. ಮುಂದಿನ ಸಾಲಿನಲ್ಲಿ ಡಾಕ್ಟರುಗಳು, ಅವರ ಮನೆಯವರು, ತಾನೇ ಕೈ ಹಿಡಿದು ಕಲಿಸಿದ ಹುಡುಗಿಯರು, ಎಲ್ಲರೂ ಮುಖ ಎತ್ತಿ ಕಾಯುತ್ತಿದ್ದರು. ಮತ್ತೊಮ್ಮೆ "ನಮ್ಮ ತಾತ..." ಎಂದಳು. ದುಃಖ ಉಕ್ಕಿ ಬಂದಿದೆ ಎಂದುಕೊಂಡು ಸಭೆಗೆ ಸಭೆಯೇ ಮತ್ತೆ ಚಪ್ಪಾಳೆ ತಟ್ಟಿತು. ಯಾರೋ ಬಂದು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಆಕೆ ಕೂತಳು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ನೆಲ ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ. ಹಾರ ಹಾಕಿಸಿಕೊಂಡು, ಫೋಟೋಗೆ ನಿಂತು, ಎಲ್ಲರಿಗೂ ಕೈ ಮುಗಿದು ಬರಬೇಕಾಯಿತು.

ಮನೆಯಲ್ಲಿ ಕಳೆದ ಮೊದಲ ವಾರ ಆಕೆ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದಳು, ಮತ್ತೆ ಏರಿಸಿದಳು. ಹಳೆಯ ಶಿಷ್ಯೆಯೊಬ್ಬಳು ಕಪಾಟಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದಳು. "ನಿಮ್ಮ ತಾತನ ಜೊತೆ ನಾನು" ಎಂದು ಅದರ ಕೆಳಗೆ ಬರೆದಿತ್ತು. ಅದನ್ನು ನೋಡಿದ ಮೇಲೆ ಆಕೆ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟಳು.

ದಾಖಲೆ ಕೋಣೆ ನೆಲಮಾಳಿಗೆಯಲ್ಲಿ. ಅಷ್ಟು ವರ್ಷ ಅದೇ ಕಟ್ಟಡದಲ್ಲಿ ದುಡಿದ ಆಕೆ ಅಲ್ಲಿಗೆ ಇಳಿದು ಹೋದದ್ದು ಅದೇ ಮೊದಲು. ಸೂರಿನ ತನಕ ಕಬ್ಬಿಣದ ಕಪಾಟುಗಳು, ಹಳೆಯ ಕಾಗದದ ವಾಸನೆ, ಒಂದು ಟ್ಯೂಬ್‌ಲೈಟು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ದಾಖಲೆ ಕೋಣೆಯಾಕೆ ಹರಿದ ಫೈಲೊಂದಕ್ಕೆ ಹೊಸ ರಟ್ಟು ಹೊಲಿಯುತ್ತಿದ್ದಳು. ಹೊಲಿಗೆ ನೇರ, ಒಂದೇ ಅಳತೆಯದು. ಇಕ್ಕಳಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಆ ಕೈಗಳೇ.

"ಏನು ಬೇಕಿತ್ತು ಅಕ್ಕ? ಸರ್ವೀಸ್ ಕಾಗದಾನಾ?"

"ಇಲ್ಲ. ನಿನ್ನ ಹತ್ರ ಒಂದು ಮಾತು ಹೇಳಬೇಕಿತ್ತು."

ನಿಂತೇ ಎಲ್ಲ ಹೇಳಿದಳು: ನಿಬ್ಬಿನ ಗುರುತು, ಕೊಯ್ದ ಬೆರಳು, ಚಿಕ್ಕಪ್ಪನ ಮಾತು. ಕೇಳುತ್ತ ಕೇಳುತ್ತ ದಾಖಲೆ ಕೋಣೆಯಾಕೆಯ ಮುಖದಲ್ಲಿ ನಗು ಬಂತು. "ಹಾಗಾದ್ರೆ ನಿಮ್ಮ ತಾತ ನಮ್ಮ ಕೋಣೆಯವರು ಅನ್ನಿ" ಎಂದಳು. ನಗುವಿನಲ್ಲಿ ಕೊಂಕು ಇರಲಿಲ್ಲ. ಇಕ್ಕಳಕ್ಕನಿಗೆ ಉಸಿರು ಸಲೀಸಾಯಿತು.

"ಅವತ್ತು ನಾನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ. ತಪ್ಪಾಯ್ತು ಕಣಮ್ಮ. ಗೊತ್ತಿಲ್ಲದೆ ಆಡಿಬಿಟ್ಟೆ."

"ಏನು ಗೊತ್ತಿಲ್ಲದೆ?"

"ನಮ್ಮ ತಾತಾನೂ ಗುಮಾಸ್ತರೇ ಅಂತ."

ಸೂಜಿ ನಿಂತಿತು. ದಾಖಲೆ ಕೋಣೆಯಾಕೆ ಕನ್ನಡಕ ತೆಗೆದಳು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವರು ನಿಜವಾಗಿಯೂ ಸರ್ಜನ್ನೇ ಆಗಿದ್ದಿದ್ರೆ, ಅವತ್ತು ನೀವು ಅಂದಿದ್ದು ಸರಿ ಆಗ್ತಿತ್ತಾ?"

ಇಕ್ಕಳಕ್ಕ ಬರುವಾಗ ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಆ ಜೋಡಣೆಯಲ್ಲೂ ತಾತ ಯಾರೆಂಬುದರ ಮೇಲೇ ಎಲ್ಲವನ್ನೂ ನಿಲ್ಲಿಸಿದ್ದಳು ಎಂದು ಈಗ ತಿಳಿಯಿತು. ಅಂದರೆ ತನಗೆ ನಾಚಿಕೆಯಾದದ್ದು ಹುಡುಗಿಯನ್ನು ನೋಯಿಸಿದ್ದಕ್ಕಲ್ಲ, ಸಿಕ್ಕಿಬಿದ್ದದ್ದಕ್ಕೆ.

"ತಪ್ಪು ಮಾಡಿದ್ದೆ ನಾನು," ದಾಖಲೆ ಕೋಣೆಯಾಕೆ ದನಿ ಏರಿಸದೆ ಹೇಳಿದಳು. "ಆ ಕತ್ತರಿ ಅಲ್ಲಿ ಇಡಬಾರದಿತ್ತು. ಅದಕ್ಕೆ ಬೈದಿದ್ರೆ ಮಾರನೇ ದಿನ ಮತ್ತೆ ಬಂದು ನಿಂತ್ಕೋತಿದ್ದೆ. ನೀವು ಬೈದದ್ದು ನಮ್ಮಪ್ಪನಿಗೆ. ಮನೆಗೆ ಹೋದಾಗ ಅವರು, 'ಯಾಕಮ್ಮ ಬಿಟ್ಟೆ?' ಅಂತ ಕೇಳಿದ್ರು. ರಕ್ತ ನೋಡಿದ್ರೆ ತಲೆ ಸುತ್ತುತ್ತೆ ಅಂದೆ. ಸಾಯೋ ತನಕ ಅವರು ಬಂದವರಿಗೆಲ್ಲ ನಗ್ತಾ ಹೇಳ್ತಿದ್ರು, ನನ್ನ ಮಗಳಿಗೆ ರಕ್ತ ಕಂಡ್ರೆ ಆಗಲ್ಲ ಅಂತ. ನಾನೂ ನಗ್ತಿದ್ದೆ."

ಅಷ್ಟರಲ್ಲಿ ಕಿಟಕಿಯಲ್ಲಿ ಯಾರೋ ಚೀಟಿ ಚಾಚಿದರು. ಆಕೆ ಕನ್ನಡಕ ಏರಿಸಿಕೊಂಡು ಫೈಲು ಹುಡುಕಲು ಒಳಗೆ ಹೋದಳು. ಇಕ್ಕಳಕ್ಕ ಒಂದಿಷ್ಟು ಹೊತ್ತು ಕಾದಳು. ಆಕೆ ಫೈಲು ಕೊಟ್ಟು ಹಿಂದಿರುಗಿದಾಗ, "ನಿಮ್ಮನ್ನ ನೋಯಿಸಿದ್ದು ತಪ್ಪು. ನಮ್ಮ ತಾತ ಏನಾಗಿದ್ರೂ ತಪ್ಪೇ" ಎಂದಷ್ಟೇ ಹೇಳಿದಳು. ಆಕೆಯನ್ನು 'ನೀವು' ಎಂದದ್ದು ಅದೇ ಮೊದಲು. ದಾಖಲೆ ಕೋಣೆಯಾಕೆ ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ಅಲ್ಲಿಂದ ನೇರ ದೊಡ್ಡ ಡಾಕ್ಟರ ಕೋಣೆಗೆ ಹತ್ತಿಹೋದಳು. ಅವರು ಎಲ್ಲ ಕೇಳಿ ಕುರ್ಚಿಗೆ ಒರಗಿ ನಕ್ಕರು.

"ಒಳ್ಳೇ ಕಥೆ ಅಲ್ವಾ ಅದು, ಯಾಕೆ ಕೆಡಿಸ್ತೀರಿ? ಹುಡುಗಿಯರಿಗೆ ಹುಮ್ಮಸ್ಸು ಬರುತ್ತೆ."

"ಸುಳ್ಳು ಸಾರ್."

"ಗಾಜಿನ ಒಳಗಿರೋ ಚೀಟೀನ ಯಾರು ಓದ್ತಾರೆ ಬಿಡಿ."

"ಒಬ್ಬರು ಓದ್ತಾರೆ ಸಾರ್. ದಿನಾ ಅದೇ ದಾರೀಲಿ ಬರ್ತಾರೆ."

ಯಾರು ಎಂದು ಅವರು ಕೇಳಲಿಲ್ಲ. "ನೀವು ಹಠ ಹಿಡಿದ್ರೆ ಹೊಟ್ಟೇನೂ ಹೊಲಿಯೋಕೆ ಬಿಡಲ್ಲ. ಆದರೆ ಸರ್ಜರಿ ಸಾಮಾನಿನ ಕಪಾಟಲ್ಲಿ ಗುಮಾಸ್ತರ ಚಾಕು ಹೇಗಮ್ಮ ಇಡೋದು?" ಎಂದರು. "ಆಸ್ಪತ್ರೆ ಸಾಮಾನು ಅಂತ ಇಡಿ ಸಾರ್. ಅದಿಲ್ಲದೆ ಆಸ್ಪತ್ರೆ ನಡೀತಿರಲಿಲ್ಲ" ಎಂದಳು. ಬೀಗದ ಕೈ ಕೊಟ್ಟರು.

ಹೊಸ ಚೀಟಿಯನ್ನು ಆಕೆಯೇ ಬರೆದಳು. ಆಕೆಯ ಅಕ್ಷರ ಕಾಗೆ ಕಾಲಿನ ಹಾಗೆ. ತಾತನ ಕೈಯಿಂದ ಒಂದು ಗೆರೆಯೂ ಇಳಿದುಬಂದಿರಲಿಲ್ಲ. ಅಚ್ಚು ಹಾಕಿಸೋಣ ಎಂದರೂ ಬೇಡವೆಂದು ಕೈಬರಹದ್ದನ್ನೇ ಇಟ್ಟಳು: ಬರೆದ ಮಸಿಯನ್ನು ಕೆರೆದು ತಿದ್ದುವ ಚಾಕು. ಹಳೆಯ ಆಸ್ಪತ್ರೆಯೊಂದರ ನಕಲು ಗುಮಾಸ್ತರದು. ಸರ್ಜನ್ ಎಂದು ನಾನು ಹೇಳುತ್ತಿದ್ದದ್ದು ತಪ್ಪು.

ಸುದ್ದಿ ಕ್ಯಾಂಟೀನಿಗೆ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಲವರು ನಕ್ಕರು. ಅಷ್ಟು ದಿನ ಆಕೆಯ ಬಾಯಿಗೆ ಹೆದರಿ ಇದ್ದವರು ಸ್ವಲ್ಪ ಹೆಚ್ಚೇ ನಕ್ಕರು. ಫೋಟೋ ಕಳಿಸಿದ್ದ ಶಿಷ್ಯೆ ಫೋನ್ ಮಾಡಿ, "ಯಾಕಕ್ಕ ಹೀಗೆ ಮಾಡಿದ್ರಿ? ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ" ಎಂದು ಗೋಳಾಡಿದಳು. "ನಾನೂ ಅಷ್ಟೇ ಕಣೇ, ಎಲ್ಲರಿಗೂ ಹೇಳಿಬಿಟ್ಟಿದ್ದೆ" ಎಂದಳು ಆಕೆ. ಚಿಕ್ಕಪ್ಪ ಮಾತ್ರ ಮಗಳ ಕೈ ಹಿಡಿದುಕೊಂಡು ಬಂದು ಕಪಾಟಿನ ಮುಂದೆ ನಿಂತು, "ಅಪ್ಪನಿಗೆ ಈಗ ಸರಿಯಾದ ಕೆಲಸ ಸಿಕ್ಕಿತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರಂತೆ.

ಚಳಿಗಾಲದಲ್ಲಿ ಇಕ್ಕಳಕ್ಕನ ಮಂಡಿ ಕೈಕೊಟ್ಟಿತು. ಈಗ ಆಕೆಯೂ ಎಲ್ಲರಂತೆ ರೋಗಿ, ಎಲ್ಲರಂತೆ ಫೈಲು ಬೇಕು. ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು, ದಾಖಲೆ ಕೋಣೆಯ ಕಿಟಕಿಯ ಸಾಲಿನಲ್ಲಿ ಕೊನೆಯವಳಾಗಿ ನಿಂತಳು. ಮುಂದಿನವರಿಗೆಲ್ಲ ಫೈಲು ಕೊಡುತ್ತಿದ್ದ ದಾಖಲೆ ಕೋಣೆಯಾಕೆ ಒಮ್ಮೆ ತಲೆ ಎತ್ತಿ ನೋಡಿದಳು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಬಾಗಿಲು ತೆರೆದು, ತಾನು ಕೂರುವ ಸ್ಟೂಲನ್ನು ಹೊರಗೆ ತಂದಿಟ್ಟಳು.

"ಕೂತ್ಕೊಳ್ಳಿ ಅಕ್ಕ. ನಿಮ್ಮ ಸರದಿ ಬರೋ ತನಕ ನಿಂತಿರೋಕಾಗಲ್ಲ."

ಬೇಡ, ನಿಂತೇ ಇರ್ತೀನಿ ಎನ್ನಬೇಕೆಂದು ಆಕೆಗೆ ಬಾಯಿಯ ತನಕ ಬಂತು. ಬೇಡವೆನ್ನುವುದೂ ಇನ್ನೊಂದು ಬಗೆಯ ಜಂಬವೇ ಅನ್ನಿಸಿತು. ಸಾಲಿನವರೆಲ್ಲ ನೋಡುತ್ತಿದ್ದರು. ಮುಖಕ್ಕೆ ರಕ್ತ ನುಗ್ಗಿತು. ತಲೆ ತಗ್ಗಿಸಿ, ಮಂಡಿ ಹಿಡಿದುಕೊಂಡು, ಆಕೆ ಮೆಲ್ಲಗೆ ಕೂತಳು. ಒಳಗೆ ದಾಖಲೆ ಕೋಣೆಯಾಕೆ ಅಷ್ಟು ಹೊತ್ತೂ ನಿಂತುಕೊಂಡೇ ಕೆಲಸ ಮಾಡಿದಳು.